ಗುಳ್ಳೆ ನಿಂತ ಮೇಲೆ

ಕೇಳಿ ಸ್ವಲ್ಪ, ಅರ್ಧಕ್ಕೇ ಎದ್ದು ಹೋಗ್ಬೇಡಿ. ಮೀನಿನ ಕಥೆ ಅಂದ ತಕ್ಷಣ ಜನ ಆಕಳಿಸ್ತಾರೆ, ಗೊತ್ತು. ಆದ್ರೆ ಇದ್ರಲ್ಲಿ ಸಾಲುಸಾಲು ಸಾವಿದೆ, ಎಲ್ಲರೂ ಬೆರಳು ತೋರಿಸಿದ ಒಬ್ಬ ಕೊಲೆಗಾರ ಇದಾನೆ, ಬಾಯಿಲ್ಲದ ಅವನ ಪರವಾಗಿ ಮಾತಾಡ್ಬೇಕಾದವಳೇ ಬಾಯಿಗೆ ಬೀಗ ಹಾಕ್ಕೊಂಡು ನಿಂತ ಒಂದು ಸಂಜೆ ಇದೆ. ಪೂರ್ತಿ ಕೇಳಿಬಿಡಿ. ಕೊನೇಲಿ ನಿಮ್ಮನ್ನೊಂದು ಮಾತು ಕೇಳೋದಿದೆ.

ಅವಳನ್ನ ಎಲ್ಲರೂ ಕರೆಯೋದು ಗುಂಡಿ ಅಂತ. ಚಿಕ್ಕವಳಿದ್ದಾಗ ಅಪ್ಪನ ಡಬ್ಬಿಯಿಂದ ಕೋಟಿನ ಗುಂಡಿ ಎತ್ತಿ ನುಂಗಿ, ಇಡೀ ಬೀದಿನ ಆಸ್ಪತ್ರೆ ತನಕ ಓಡಿಸಿದ್ಳಂತೆ. ಗುಂಡಿ ಮಾರನೇ ದಿನ ತಾನಾಗೇ ಹೊರಗೆ ಬಂತು, ಹೆಸರು ಮಾತ್ರ ಮೈಗೇ ಅಂಟ್ಕೊಂಡ್ತು. ಈಗ ಇಪ್ಪತ್ತು ದಾಟಿದಾಳೆ. ಅಪ್ಪನ ಟೈಲರ್ ಅಂಗಡೀಲಿ ಕಾಜಾ ಹೊಡೆಯೋದು, ಗುಂಡಿ ಹಾಕೋದು, ಸಂಜೆ ಹೊಲಿದ ಬಟ್ಟೆನ ಮನೆಮನೆಗೆ ತಲುಪಿಸೋದು ಅವಳ ಕೆಲಸ. ಓವರ್‌ಲಾಕ್ ಮೆಷಿನ್ ಮೇಲೆ ಅತ್ತೆ, ಅಂದ್ರೆ ಅಪ್ಪನ ಅಕ್ಕ. ಪೆಡಲ್ ಮೇಲೆ ಆಕೆ ಕಾಲು ಎಷ್ಟು ಜೋರೋ, ನಾಲಿಗೆ ಅದಕ್ಕಿಂತ ಒಂದು ಕೈ ಮುಂದೆ. ಅಮ್ಮ ಹೋದ ಮೇಲೆ ಮನೆಗೂ ಅಂಗಡಿಗೂ ಈ ಮೂರೇ ಜನ. ಕತ್ತರಿ ಮಾತ್ರ ಅಪ್ಪಂದು. ಬೀದಿಯವರಿಗೆಲ್ಲ ಅವನು ಮಾಸ್ಟ್ರು.

ಅಲ್ಲ, ಕತ್ತರಿ ಅಪ್ಪಂದಾಗಿತ್ತು ಅನ್ಬೇಕು. ಹೋದ ವರ್ಷ ಒಂದು ಸಂಜೆ ಇಸ್ತ್ರಿಪೆಟ್ಟಿಗೆ ಆಫ್ ಮಾಡೋದು ಮರೆತು ಅಪ್ಪ ಅಂಗಡಿ ಮುಚ್ಚಿ ಹೋಗಿದ್ದ. ಬಟ್ಟೆ ಹತ್ಕೊಂಡು, ಮರದ ಕಪಾಟು ಹತ್ಕೊಂಡು, ಹೊಗೆ ಮೇಲಿನ ಮನೆಗೆ ನುಗ್ಗಿ, ಅಲ್ಲಿದ್ದ ಅಜ್ಜಿನ ಕಿಟಕಿಗೆ ಏಣಿ ಹಾಕಿ ಇಳಿಸಿದ್ರು. ಅಜ್ಜಿಗೆ ಏನೂ ಆಗ್ಲಿಲ್ಲ. "ಈ ವಯಸ್ಸಲ್ಲಿ ನನ್ನನ್ನ ಏಣಿ ಇಳಿಸಿದ ಮಾಸ್ಟ್ರು" ಅಂತ ಇವತ್ತಿಗೂ ಹಲ್ಲಿಲ್ಲದ ಬಾಯಲ್ಲಿ ನಗ್ತಾರೆ. ಅಪ್ಪಂಗೆ ಮಾತ್ರ ನಗು ಬರ್ಲಿಲ್ಲ. ಕತ್ತರಿ ಎತ್ತಿದ್ರೆ ಬಲಗೈ ನಡುಗೋಕೆ ಶುರುವಾಯ್ತು. ಮನೇಲೇ ಕೂತ. ಗೋಡೆ ನೋಡ್ಕೊಂಡು ಕೂತ.

ಆ ಗೋಡೆ ಮುಂದೆ ಗಾಜಿನ ತೊಟ್ಟಿ ತಂದಿಟ್ಟವಳು ಗುಂಡಿ. ಹೇಗಿದ್ರೂ ನೋಡ್ತಾ ಕೂತಿರ್ತಾನೆ, ನೋಡೋಕೆ ಏನಾದ್ರೂ ಇರ್ಲಿ ಅಂತ. ಮೈಮೇಲೆ ನೀಲಿ ಗೆರೆ ಮಿಂಚೋ ಪುಟ್ಟ ಟೆಟ್ರಾಗಳ ಒಂದು ಗುಂಪು, ತಳದಲ್ಲಿ ಮರಳು ಕೆದಕ್ತಾ ಓಡಾಡೋ ಮೀಸೆ ಮೀನುಗಳು. ಅಪ್ಪ ಮೊದಲ ವಾರ ಸುಮ್ನೆ ನೋಡ್ದ. ಎರಡನೇ ವಾರ ಟೆಟ್ರಾಗಳಿಗೆ "ಜರಿ" ಅಂತ ಹೆಸರಿಟ್ಟ. "ನೋಡೇ, ಕತ್ತಲ ಬಟ್ಟೆ ಮೇಲೆ ಜರಿ ದಾರ ಎಳೆದ ಹಾಗೆ ಓಡ್ತವೆ." ಅಷ್ಟು ಉದ್ದದ ಮಾತು ಅಪ್ಪನ ಬಾಯಿಂದ ಬಂದು ಎಷ್ಟೋ ಕಾಲ ಆಗಿತ್ತು. ಅತ್ತೆ ಅಡುಗೆಮನೇಲಿ ಸೆರಗಲ್ಲಿ ಕಣ್ಣು ಒರೆಸ್ಕೊಂಡು, ಈರುಳ್ಳಿ ಖಾರ ಅಂದ್ಳು. ಕೈಯಲ್ಲಿ ಈರುಳ್ಳಿನೇ ಇರ್ಲಿಲ್ಲ.

ಹಾಗೇ ಒಂದಿನ ಅಪ್ಪ, "ಅಂಗಡಿಗೆ ಬರ್ತೀನಿ, ಜರಿಗಳೂ ಬರ್ಬೇಕು" ಅಂದ. ತೊಟ್ಟಿ ಅಂಗಡಿಗೆ ಬಂತು, ಕಟಿಂಗ್ ಟೇಬಲ್ಲಿನ ಎದುರಿಗೇ. ಅಪ್ಪ ಹೆಮ್ಮಿಂಗ್ ಮಾಡ್ದ, ಜಿಪ್ಪು ಕೂರಿಸ್ದ. ಕತ್ತರಿ ಮುಟ್ಲಿಲ್ಲ, ಪರವಾಗಿಲ್ಲ, ಬಂದ್ನಲ್ಲ. ಕರೆಂಟಿನವನು ತೊಟ್ಟಿಗೆ ಅಂತ ಬೇರೆ ಲೈನ್ ಎಳೆದ. ಮೂರೂ ಜನ ಕೂತು ಮಾಡ್ಕೊಂಡ ಒಪ್ಪಂದ ಏನಂದ್ರೆ, ಮುಚ್ಚೋವಾಗ ಇಸ್ತ್ರಿಪೆಟ್ಟಿಗೆ ಪ್ಲಗ್ ಕಿತ್ತು ಮೊಳೆಗೆ ನೇತು ಹಾಕೋದು, ಅಂಗಡಿ ಸ್ವಿಚ್ ಆಫ್ ಮಾಡೋದು, ಆದ್ರೆ ಹಿಂದಿನ ಓಣೀಲಿ ಮೆಟ್ಟಿಲ ಕೆಳಗಿರೋ ಮೈನ್ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ಅದನ್ನ ಇಳಿಸಿದ್ರೆ ತೊಟ್ಟಿ ಗಾಳಿ ಪಂಪೂ ನಿಲ್ಲುತ್ತೆ. ಸಂಜೆ ಗುಂಡಿ ಡೆಲಿವರಿಗೆ, ಅತ್ತೆ ಮನೆ ಅಡುಗೆಗೆ. ಹಾಗಾಗಿ ಅಂಗಡಿ ಮುಚ್ಚೋನು ಅಪ್ಪ, ಬೆಳಿಗ್ಗೆ ಮೊದಲು ತೆರೆಯೋನೂ ಅಪ್ಪ.

ಇಷ್ಟು ಸರಿ ಇದ್ದಾಗ ಗುಂಡಿ ಒಂದು ಫೈಟರ್ ಮೀನು ತಂದ್ಳು.

ಬೆಟ್ಟಾ ಅಂತಾರಲ್ಲ, ಅದೇ. ಗಂಡು. ಕೆಂಪು ಮೈ, ನೀಲಿ ಅಂಚು, ಬಾಲ ಅಂದ್ರೆ ಜಾರ್ಜೆಟ್ ಬಟ್ಟೆಗೆ ಒತ್ತೊತ್ತಾಗಿ ನೆರಿಗೆ ಹಿಡಿದು ಬಿಟ್ಟ ಹಾಗೆ. ಮೀನಂಗಡಿ ಅಕ್ಕನ ಹತ್ರ ಲೋಟದಷ್ಟು ನೀರಲ್ಲಿ ಒಂಟಿಯಾಗಿ ಕೂತಿತ್ತು. ಗುಂಡಿ ನೋಡಿದ್ದೇ ನೋಡಿದ್ದು, ಮನಸ್ಸು ಕಳ್ಕೊಂಡ್ಳು. ಸಾಹೇಬ ಅಂತ ಹೆಸರೂ ಇಟ್ಟಾಯ್ತು.

"ಈ ಜಗಳಗಂಟನ್ನ ಯಾಕೆ ತಂದೆ?" ಅಪ್ಪ ಗದರಿದ. "ನನ್ನ ಜರಿಗಳು ತಮ್ಮ ಪಾಡಿಗೆ ತಾವಿದಾವೆ."

"ಅಪ್ಪ, ಇವನಿಗೆ ಆಗದೇ ಇರೋದು ಇನ್ನೊಂದು ಗಂಡು ಫೈಟರ್. ಇಲ್ಲಾ ಉದ್ದ ರೆಕ್ಕೆ ಇರೋವು, ಅವನ್ನೂ ಫೈಟರ್ ಅಂದ್ಕೊಂಡು ಮೈಮೇಲೆ ಹೋಗ್ತಾನೆ. ನಮ್ಮವಕ್ಕೆ ರೆಕ್ಕೆನೇ ಚೋಟುದ್ದ. ತೊಟ್ಟಿ ದೊಡ್ಡದಿದೆ, ಅಡಗೋಕೆ ಜಾಗ ಬೇಕು ಅಂತ ಗಿಡ ಬೇರೆ ತುಂಬ್ತೀನಿ. ಎಲ್ಲಾ ಓದಿದೀನಿ ಅಪ್ಪ."

"ಓದಿದೀಯ. ಅವನು ಓದಿದಾನಾ?"

"ಒಂದೇ ಒಂದು ಮೀನಿಗೆ ಏನಾದ್ರೂ ಆಗ್ಲಿ, ನಾನೇ ಇವನನ್ನ ಎತ್ತಿ ಆಚೆ ಕಳಿಸ್ತೀನಿ. ಸಾಕಾ?"

ಓವರ್‌ಲಾಕ್ ಮೆಷಿನ್ ನಿಲ್ಸಿ ಅತ್ತೆ ಅಂದ್ಳು, "ನನ್ನನ್ನ ಮದುವೆ ಮಾಡಿ ಕೊಡೋವಾಗಲೂ ಇಷ್ಟು ವಿಚಾರಣೆ ನಡೀಲಿಲ್ಲ ಕಣೇ ಈ ಮನೇಲಿ. ಬಿಡೋ, ಒಂದು ಮೀನು, ಬಾಳ್ಕೊಂಡು ಹೋಗ್ಲಿ."

ಬಿಟ್ರು. ಗುಂಡಿ ಉಗುರು ಕಚ್ತಾ ಗಾಜಿಗೆ ಮೂಗು ಒತ್ಕೊಂಡು ನಿಂತಿದ್ಳು. ಸಾಹೇಬ ಒಂದು ಸುತ್ತು ಹೊಡೆದ, ಕಿವಿರು ಅಗಲ ಮಾಡಿ ಜರಿಗಳ ಕಡೆ ಒಮ್ಮೆ ಗುರಾಯಿಸ್ದ, ಅವು ಚದುರಿದವು, ಮತ್ತೆ ಸೇರಿದವು. ಅಷ್ಟೇ. ಸಾಹೇಬ ಮೇಲೆ ಹೋಗಿ ಬಾಯಿ ಹೊರಗಿಟ್ಟು ಒಂದು ಗುಟುಕು ಗಾಳಿ ಕುಡಿದು, ಎಲೆ ಮೇಲೆ ಒರಗಿ ಕೂತ. ಸಂಜೆ ತನಕ ಒಂದು ಜಗಳ ಇಲ್ಲ.

ಅದೇ ವಾರ ಇನ್ನೊಂದು ವಿಷಯ ಆಯ್ತು. ಒಬ್ಬ ತಾಯಿ ಬಂದು ಕಡುನೀಲಿ ಉಣ್ಣೆ ಬಟ್ಟೆಯ ತುಂಡೊಂದನ್ನ ಕಟಿಂಗ್ ಟೇಬಲ್ ಮೇಲೆ ಬಿಡಿಸಿಟ್ರು. ಅವರ ಯಜಮಾನ್ರು ಕೋಟಿಗೆ ಅಂತ ತಂದಿಟ್ಟು, ಹೊಲಿಸೋ ಮುಂಚೆನೇ ತೀರ್ಕೊಂಡಿದ್ರಂತೆ. ಈಗ ಮಗನ ಮದುವೆ. "ಮಾಸ್ಟ್ರೇ, ಇದಕ್ಕೆ ಎರಡನೇ ತುಂಡು ಅನ್ನೋದು ಇಲ್ಲ. ನಿಮ್ಮ ಕೈ ಬಿಟ್ಟು ಬೇರೆಯವರಿಗೆ ಕೊಡೋ ಧೈರ್ಯ ನನಗಿಲ್ಲ."

ಷರ್ಟು ಪ್ಯಾಂಟು ಆದ್ರೆ ಅತ್ತೆ ಕತ್ತರಿಸ್ತಾಳೆ. ಕೋಟು ಅಪ್ಪನೇ ಆಗ್ಬೇಕು. ಅಪ್ಪ ಬಟ್ಟೆ ಮೇಲೆ ಅಂಗೈ ಸವರಿದ, ಬಹಳ ಹೊತ್ತು. ಆಮೇಲೆ, "ಇಟ್ಟು ಹೋಗಿ ತಾಯಿ" ಅಂದ. ಅತ್ತೆಗೂ ಗುಂಡಿಗೂ ಕುಣಿಯೋದೊಂದು ಬಾಕಿ.

ಎರಡೇ ದಿನ. ಮೂರನೇ ಬೆಳಿಗ್ಗೆ ಗುಂಡಿ ಬರೋಷ್ಟರಲ್ಲಿ ಅಪ್ಪ ತೊಟ್ಟಿ ಮುಂದೆ ನಿಂತಿದ್ದ, ಬಲೆಯ ಸೌಟಲ್ಲಿ ಒಂದು ಜರಿ. ಮಿಂಚು ಪೂರ್ತಿ ಆರಿಹೋಗಿ ಬರೀ ಬೂದಿ ಬಣ್ಣ. ಸಾಹೇಬ ಗಾಜಿನ ಹತ್ರ ಬಾಲ ಬೀಸ್ತಾ ತಿಂಡಿ ಕೇಳ್ತಿದ್ದ.

"ನೋಡು ಹೇಗೆ ನಿಂತಿದಾನೆ, ಏನೂ ಗೊತ್ತಿಲ್ಲದವನ ಹಾಗೆ" ಅಂದ ಅಪ್ಪ.

"ಒಂದು ಮೀನು ಅಪ್ಪ, ವಯಸ್ಸಾಗಿರ್ಬೋದು…"

ಆಮೇಲೆ ಇನ್ನೊಂದು ಹೋಯ್ತು. ಒಂದಿನ ಬಿಟ್ಟು ಇನ್ನೆರಡು. ಹೋಗ್ತಿದ್ದಿದ್ದು ಜರಿಗಳು ಮಾತ್ರ, ತಳದ ಮೀಸೆ ಮೀನುಗಳು ಕಲ್ಲುಗುಂಡಿನ ಹಾಗಿದ್ವು. "ಅವು ಇವನ ಕಣ್ಣಿಗೆ ಬೀಳಲ್ಲ, ಅದಕ್ಕೇ ಬದುಕಿದಾವೆ" ಅಂದ ಅಪ್ಪ. ಹಗಲೆಲ್ಲ ಗುಂಡಿ ಕಾಜಾ ಹೊಡೀತಾ ಒಂದು ಕಣ್ಣು ತೊಟ್ಟಿ ಮೇಲೇ ಇಟ್ಟಿರ್ತಿದ್ಳು, ಸೂಜಿ ಬೆರಳಿಗೆ ಚುಚ್ಚಿಸ್ಕೊಂಡಿದ್ದಕ್ಕೆ ಲೆಕ್ಕವಿಲ್ಲ. ಸಾಹೇಬ ಯಾರ ತಂಟೆಗೂ ಹೋಗ್ತಿರ್ಲಿಲ್ಲ. ಬೆಳಿಗ್ಗೆ ಆದ್ರೆ ಹೆಣ.

ಅಪ್ಪನ ಮುಖ ಮತ್ತೆ ಗೋಡೆ ನೋಡೋ ಮುಖ ಆಗ್ತಿತ್ತು. ಕಡುನೀಲಿ ಬಟ್ಟೆ ಮಡಿಸಿದ್ದು ಮಡಿಸಿದ ಹಾಗೇ. ಆ ತಾಯಿ ಬಂದು ಕೇಳಿದ್ರೆ "ನಾಳೆ", ಮತ್ತೆ ಕೇಳಿದ್ರೆ "ನಾಳೆ".

ಪಕ್ಕದ ಮೊಬೈಲ್ ಅಂಗಡಿಯವನಿಗೆ ಬೀದೀಲಿ ರಿಪೇರಿ ಅಂತಲೇ ಹೆಸರು. ಅವನಿಗೆ ವಾಸನೆ ಸಿಕ್ತು. ಬಾಗಿಲಿಗೆ ಒರಗಿ ನಿಂತು ಶುರು ಹಚ್ಕೊಂಡ. "ಮಾಸ್ಟ್ರೇ, ನನ್ನ ಹತ್ರನೂ ಒಬ್ಬ ಇದಾನೆ, ಕರೀ ಫೈಟರ್. ನಿಮ್ಮವನನ್ನ ಕೊಡಿ, ಇಬ್ಬರನ್ನೂ ಒಂದೇ ಬಾಟಲಿಗೆ ಇಳಿಸೋಣ. ಪುಟಾಣಿಗಳ ಮೇಲೆ ಪೌರುಷ ತೋರಿಸೋದಲ್ಲ, ಸಮಜೋಡಿ ಜೊತೆ ತೋರಿಸ್ಲಿ."

"ನಿನ್ನ ತಲೆನ ಬಾಟಲಿಗೆ ಇಳಿಸ್ತೀನಿ" ಅಂದ್ಳು ಗುಂಡಿ.

"ತಲೆ ಹಿಡಿಸೋ ಬಾಟಲಿ ಎಲ್ಲಿದೆ ಗುಂಡಕ್ಕ?"

"ಖಾಲಿ ತಲೆ ತಾನೇ, ಮಡಿಸಿ ಹಾಕ್ತೀನಿ."

ಅತ್ತೆ ಕಿಸಕ್ಕನೆ ನಕ್ಕಳು. ಅಪ್ಪ ನಗಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಟೈಲರ್ ಮಗಳು, ಕೊನೆಗೆ ತನಗೆ ಗೊತ್ತಿರೋ ವಿದ್ಯೆನೇ ಹಿಡಿದ್ಳು. ತಂತಿ ಬಗ್ಗಿಸಿ ತೊಟ್ಟಿ ಅಳತೆಗೆ ಚೌಕಟ್ಟು ಮಾಡಿ, ಅದಕ್ಕೆ ತೆಳು ನೆಟ್ ಬಟ್ಟೆ ಎಳೆದು, ನಾಲ್ಕೂ ಅಂಚು ಹೆಮ್ಮಿಂಗ್ ಹಾಕಿ, ನೀರಿನ ಮಧ್ಯೆ ನಿಲ್ಸಿದ್ಳು. ಈ ಕಡೆ ಸಾಹೇಬ ಒಬ್ಬನೇ, ಆ ಕಡೆ ಬಾಕಿ ಸಂಸಾರ. ಈಗ ಸತ್ಯ ಗೊತ್ತಾಗುತ್ತೆ ಅಂತ ಡೆಲಿವರಿ ಚೀಲ ಎತ್ಕೊಂಡು ಹೋದ್ಳು.

ಬೆಳಿಗ್ಗೆ ಎರಡು ಜರಿ ತೇಲ್ತಿದ್ವು. ಆ ಕಡೆ.

"ನೋಡಪ್ಪ! ಸಾಹೇಬ ಇಲ್ಲಿದಾನೆ, ಅವು ಅಲ್ಲಿದಾವೆ!"

"ಮೇಲಿಂದ ಹಾರಿದಾನೆ."

"ಹಾರಿ ಹೋಗಿ, ಎರಡು ಕೊಲೆ ಮಾಡಿ, ವಾಪಸ್ ಹಾರ್ಕೊಂಡು ಬಂದು, ಮುಖ ತೊಳ್ಕೊಂಡು ಕೂತ್ನಾ?"

"ಸಾಕು ಗುಂಡಿ!" ಅಪ್ಪನ ದನಿ ಒಡೀತು. ಕೋಪಕ್ಕಿಂತ ಹೆಚ್ಚಾಗಿ ಯಾರೋ ಅಟ್ಟಿಸ್ಕೊಂಡು ಬರ್ತಿದ್ದಾರೆ ಅನ್ನೋ ಹಾಗಿತ್ತು ಆ ದನಿ. "ನೀನೇ ಮಾತು ಕೊಟ್ಟಿದ್ದೆ. ನಾಳೆ ಬೆಳಿಗ್ಗೆ ರಿಪೇರಿ ಬಂದು ತಗೊಂಡು ಹೋಗ್ಲಿ. ನಾಳೆನೇ ನಾನು ಕೋಟಿಗೆ ಕತ್ತರಿ ಹಾಕ್ತೀನಿ. ಇವನು ಎದುರಿಗಿದ್ರೆ ನನಗೆ ಕೈ ಏಳಲ್ಲ."

ಅಲ್ಲಿಗೆ ಮುಗೀತು. ಗುಂಡಿ ಸತ್ತ ಜರಿಗಳನ್ನ ಅಂಗೈ ಮೇಲಿಟ್ಕೊಂಡು ಬಾಗಿಲ ಬೆಳಕಿಗೆ ಹೋದ್ಳು. ಕತ್ತರಿಸಿದ ಅಂಚು ಯಾವುದು, ಹರಿದ ಅಂಚು ಯಾವುದು, ಜಗ್ಗಿ ನೂಲು ಬಿಟ್ಟ ಅಂಚು ಯಾವುದು ಅಂತ ಹುಟ್ಟಿದಾಗಿಂದ ನೋಡ್ಕೊಂಡು ಬಂದವಳು. ಈ ರೆಕ್ಕೆಗಳ ಅಂಚು ಹೊಸ ಬಟ್ಟೆ ಹಾಗಿತ್ತು. ಎಲ್ಲೂ ಒಂದು ಕಚ್ಚು ಇಲ್ಲ. ಬಾಯಿ ಮಾತ್ರ ತೆರೆದಿತ್ತು, ಕಿವಿರು ಅಗಲವಾಗಿತ್ತು.

ಮಧ್ಯಾಹ್ನ ಊಟ ಬಿಟ್ಟು, ಅವನ್ನೇ ಎತ್ಕೊಂಡು ಮೀನಂಗಡಿಗೆ ಓಡಿದ್ಳು. ಅಕ್ಕ ಒಂದು ಸಲ ನೋಡಿದ್ದೇ, "ಇದು ಕಚ್ಚಿಸ್ಕೊಂಡು ಸತ್ತಿದ್ದಲ್ಲ ಕಣಮ್ಮ, ಉಸಿರು ಕಟ್ಟಿ ಸತ್ತಿದ್ದು. ಪಂಪ್ ಸರಿ ಇದೆಯಾ?" ಅಂದ್ರು.

"ಹಗಲೂ ರಾತ್ರಿ ಓಡುತ್ತೆ ಅಕ್ಕ. ನಾನು ಹೊರಡೋವಾಗಲೂ ಗುಳ್ಳೆ ಬರ್ತಿರುತ್ತೆ, ಬಂದಾಗಲೂ ಬರ್ತಿರುತ್ತೆ."

"ಮಧ್ಯೆ?"

ಗುಂಡಿ ಅಂಗೈಲಿದ್ದ ಜರಿಗಳನ್ನ ಇನ್ನೊಂದು ಸಲ ನೋಡಿದ್ಳು.

"ಈ ಸೆಖೇಲಿ ನೀರಲ್ಲಿ ಗಾಳಿ ಮೊದಲೇ ಕಮ್ಮಿ. ಅದರ ಮೇಲೆ ನೀನು ಗಿಡ ಬೇರೆ ತುಂಬಿದೀಯ, ಕತ್ತಲಾದ್ರೆ ಅವೂ ಉಸಿರಿಗೆ ಪಾಲು ಕೇಳ್ತವೆ. ಆಗ ಪಂಪ್ ನಿಂತ್ರೆ ಮುಗೀತು. ಫೈಟರ್ ಮೇಲೆ ಬಂದು ಗಾಳಿ ಕುಡಿದು ಬದುಕ್ತಾನೆ, ಮೀಸೆ ಮೀನೂ ಹಾಗೇನೇ. ಬಾಕಿಯವಕ್ಕೆ ಆ ವಿದ್ಯೆ ಇಲ್ಲ."

ವಾಪಸ್ ಬರೋ ದಾರೀಲಿ ಕಾಲು ನೆಲದ ಮೇಲಿರ್ಲಿಲ್ಲ. ಸಾಹೇಬ ಬದುಕಿದ್ದೇ ಅವನ ಅಪರಾಧ! ಆದ್ರೆ ಮಧ್ಯೆ, ಮಧ್ಯೆ ಅಂದ್ರೆ ಯಾವಾಗ? ಕರೆಂಟ್ ಹೋಗ್ತಿದ್ಯಾ? ಮೇಲಿನ ಮನೆಯವರು ಯಾರಾದ್ರೂ ಮೈನ್ ಮುಟ್ತಿದಾರಾ? ರಿಪೇರಿನೇ ಸಾಹೇಬನ ಆಸೆಗೆ ಏನಾದ್ರೂ ಕಿತಾಪತಿ…? ಇವತ್ತು ಕಾದು ನೋಡೋದೇ ಅಂತ ಹಲ್ಲು ಕಚ್ಚಿದ್ಳು.

ಸಂಜೆ ಎಂದಿನ ಹಾಗೆ ಚೀಲ ಎತ್ಕೊಂಡು, "ಬರ್ತೀನಪ್ಪ" ಅಂದು ಹೊರಟ್ಳು. ಕಟ್ಟಡ ಸುತ್ತಿ ಹಿಂದಿನ ಓಣಿಗೆ ಬಂದು, ಮೆಟ್ಟಿಲ ತಿರುವಲ್ಲಿ ನಿಲ್ಲಿಸಿದ್ದ ಸೈಕಲ್‌ಗಳ ಹಿಂದೆ ಕುಕ್ಕರಗಾಲಲ್ಲಿ ಕೂತ್ಳು. ಮುಂದಿನ ಶಟರ್ ಎಳೆದ ಸದ್ದು. ಬೀಗದ ಸದ್ದು. ಆಮೇಲೆ ಓಣಿಗೆ ಯಾರೋ ಬರ್ತಿರೋ ಹೆಜ್ಜೆ. ಸಿಕ್ಕಿಬಿದ್ದ ಅಂತ ಗುಂಡಿ ಕತ್ತು ಉದ್ದ ಮಾಡಿದ್ಳು.

ಅಪ್ಪ.

ಅಪ್ಪ ಹಿಂದೆ ನೋಡ್ದ, ಮೇಲೆ ನೋಡ್ದ. ಮೆಟ್ಟಿಲ ಕೆಳಗೆ ಬಗ್ಗಿ ಮೈನ್ ಹಿಡಿ ಹಿಡ್ಕೊಂಡು ಕೆಳಗೆ ಎಳೆದ. ಟಕ್. ಗೋಡೆಯಾಚೆ ಇಡೀ ದಿನ ಕೇಳಿಸ್ತಿದ್ದ ಗುಳುಗುಳು ಸದ್ದು ನಿಂತುಹೋಯ್ತು. ಅಪ್ಪ ಕಿವಿ ಕೊಟ್ಟು ಕೇಳ್ದ, ತಲೆ ಆಡಿಸ್ದ, ಹೊರಟ. ಓಣಿ ಬಾಯಿ ತನಕ ಹೋಗಿ ತಿರುಗಿ ಬಂದ. ಹಿಡಿ ಮುಟ್ಟಿ ನೋಡ್ದ, ಇಳಿದಿದೆ. ಹೋದ. ಮತ್ತೆ ಬಂದ. ಮತ್ತೆ ಮುಟ್ಟಿದ. ತನ್ನ ಬಲಗೈನ ತಾನೇ ನೋಡ್ಕೊಂಡು, "ಇಳಿಸಿದೀನಿ. ಇಳಿದಿದೆ" ಅಂತ ಮಕ್ಕಳು ಪಾಠ ಒಪ್ಪಿಸೋ ಹಾಗೆ ಹೇಳ್ಕೊಂಡು ಹೋದ.

ಗುಂಡಿಗೆ ಎಲ್ಲಾ ಒಟ್ಟಿಗೇ ಗೊತ್ತಾಯ್ತು. ಸಾಹೇಬ ಬಂದ ವಾರವೇ ಆ ಕಡುನೀಲಿ ಬಟ್ಟೆನೂ ಬಂದಿತ್ತು. ಎರಡನೇ ತುಂಡು ಇಲ್ಲದ ಬಟ್ಟೆ. ಅದನ್ನ ಒಳಗಿಟ್ಟು ಬೀಗ ಹಾಕೋವಾಗ ಅಪ್ಪಂಗೆ ಹಳೇ ಬೆಂಕಿ ಕಣ್ಣಮುಂದೆ ಬಂದಿರ್ಬೇಕು. ಮುಟ್ಟಬಾರ್ದು ಅಂತ ಒಪ್ಪಿದ್ದ ಮೈನ್‌ನ ಕದ್ದು ಇಳಿಸ್ತಿದಾನೆ, ಬೆಳಿಗ್ಗೆ ನಾವು ಬರೋ ಮುಂಚೆ ಎತ್ತಿಬಿಡ್ತಿದಾನೆ. ನದೀಲಿರೋ ಮೀನಿಗೆ ಯಾವ ಪಂಪ್ ಇದೆ, ಒಂದು ರಾತ್ರಿಗೆ ಏನಾಗುತ್ತೆ ಅಂದ್ಕೊಂಡಿದಾನೆ. ನಾನು ಗುಣ ಆದೆ ಅಂತ ಎಲ್ಲರಿಗೂ ಹೇಳಾಗಿದೆ, ಭಯ ವಾಪಸ್ ಬಂದಿದೆ ಅಂತ ಯಾರ ಹತ್ರ ಹೇಳ್ತಾನೆ?

ಚೀಲದಲ್ಲಿದ್ದ ತನ್ನ ಕೈಯಿಂದ ಹಿಂದಿನ ಬಾಗಿಲ ಬೀಗ ತೆಗೆದು ಒಳಗೆ ಹೋದ್ಳು. ಫೋನಿನ ಬೆಳಕಲ್ಲಿ ನೋಡಿದ್ರೆ ಉಳಿದ ಜರಿಗಳು ಆಗಲೇ ಅರ್ಧ ಮೇಲಕ್ಕೆ ಬಂದಿದ್ವು, ಕಿವಿರು ಪಟಪಟ ಅಂತಿತ್ತು. ಒಂದು ಮೀಸೆ ಮೀನು ಬಾಣದ ಹಾಗೆ ಮೇಲಕ್ಕೆ ಹೋಗಿ ಗಾಳಿ ಕಚ್ಕೊಂಡು ತಳಕ್ಕೆ ಇಳೀತು. ಸಾಹೇಬ ನಿಧಾನಕ್ಕೆ ಹೋಗಿ ಒಂದು ಗುಟುಕು ಕುಡಿದು ಬಂದ. ಜರಿಗಳಿಗೆ ಆಗ್ತಿರ್ಲಿಲ್ಲ.

ಗುಂಡಿ ಯೋಚನೆನೇ ಮಾಡ್ಲಿಲ್ಲ. ಓಣಿಗೆ ಓಡಿ ಮೈನ್ ಎತ್ತಿದ್ಳು, ಒಳಗೆ ಓಡಿ ಬಂದ್ಳು. ಗುಳುಗುಳು ಗುಳುಗುಳು. ಅಬ್ಬಾ ಅಂತ ಉಸಿರು ಬಿಡೋಷ್ಟರಲ್ಲಿ ಹೆಜ್ಜೆ ಸದ್ದು.

ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಸಂದಿಯಿಂದ ಕಂಡಿದ್ದು ಅಪ್ಪನ ಬೆನ್ನು. ಅಪ್ಪ ಬಗ್ಗಿದ, ಹಿಡಿ ಮುಟ್ಟೋಕೆ ಕೈ ಚಾಚಿದ, ಕೈ ಗಾಳೀಲೇ ನಿಂತ್ಹೋಯ್ತು. ಹಿಡಿ ಮೇಲಿದೆ.

"ಇಳಿಸಿದ್ನಲ್ಲ…" ಅಂದ. "ಇಳಿಸಿದ್ದೆ ನಾನು."

ಮೆಟ್ಟಿಲ ಮೇಲೆ ಕೂತುಬಿಟ್ಟ. ಬಲಗೈನ ಎಡಗೈಯಲ್ಲಿ ಎತ್ತಿ ಮುಖದ ಹತ್ರ ತಂದು ನೋಡ್ದ. ಅದು ತನ್ನದೇನಾ ಬೇರೆಯವರದಾ ಅನ್ನೋ ಹಾಗೆ. 

ಒಂದು ಮಾತು ಸಾಕಿತ್ತು. ಅಪ್ಪ, ನಾನು ಎತ್ತಿದ್ದು. ಬಾಗಿಲು ತಳ್ಳಿ ಅಷ್ಟು ಅಂದಿದ್ರೆ ಆಗ್ತಿತ್ತು. ಆದ್ರೆ ಹಾಗಂದ್ರೆ, ನೀನು ಕದ್ದು ಇಳಿಸೋದನ್ನ ಅವಿತು ಕೂತು ನೋಡ್ದೆ ಅಂತ ಹೇಳ್ಬೇಕು. ಜರಿಗಳನ್ನ ಕೊಂದಿದ್ದು ಸಾಹೇಬ ಅಲ್ಲ, ಈ ಕೈ ಅಂತ ಹೇಳ್ಬೇಕು. ನಾಳೆ ಅದೇ ಕೈ ಕತ್ತರಿ ಎತ್ಬೇಕು. ಗುಂಡಿ ಬಾಗಿಲ ಹಿಂದಿನಿಂದ ಆಚೆ ಬರ್ಲಿಲ್ಲ. ಅಪ್ಪ ಎದ್ದು, ಎರಡೂ ಕೈಯಲ್ಲಿ ಹಿಡಿನ ಇಳಿಸಿ, ಅದು ತಾನಾಗೇ ಎದ್ದುಬಿಡುತ್ತೆ ಅನ್ನೋ ಹಾಗೆ ಒತ್ತಿ ಹಿಡ್ಕೊಂಡು ನಿಂತ. ಗುಳ್ಳೆ ಮತ್ತೆ ನಿಂತಿತು.

ಅವನು ಹೋದ ಮೇಲೆ ಮೈನ್ ಮುಟ್ಟೋ ಧೈರ್ಯ ಅವಳಿಗೆ ಬರ್ಲಿಲ್ಲ. ಇನ್ನೊಂದು ಸಲ ವಾಪಸ್ ಬಂದು ನೋಡಿದ್ರೆ? ತೊಟ್ಟಿಯಿಂದ ಗಿಡಗಳನ್ನ ಹಿಡಿಹಿಡಿ ಕಿತ್ತು ಬಕೆಟ್ಟಿಗೆ ಹಾಕಿದ್ಳು. ಟೀ ಮಗ್ಗಲ್ಲಿ ನೀರು ಮೊಗೆದು ಮೇಲಿಂದ ಸುರಿದ್ಳು, ಮೊಗೆದ್ಳು, ಸುರಿದ್ಳು. ತೋಳು ಬಿದ್ದುಹೋಗೋ ಹಾಗಾದಾಗ ಜರಿಗಳು ಒಂದೊಂದೇ ಕೆಳಗಿಳಿದ್ವು.

ಮನೇಲಿ ಅಪ್ಪ ತಟ್ಟೆ ಮುಟ್ಟಿರ್ಲಿಲ್ಲ. "ಅಕ್ಕ, ನಾಳೆ ಆ ತಾಯಿಗೆ ಬಟ್ಟೆ ವಾಪಸ್ ಕೊಟ್ಬಿಡು. ನನ್ನ ಕೈನ ನಾನೇ ನಂಬೋ ಹಾಗಿಲ್ಲ. ಇನ್ನು ಕತ್ತರಿ ಸಹವಾಸ ಬೇಡ."

"ಏನಾಯ್ತೋ ನಿನಗೆ?" ಅತ್ತೆ ಕೇಳಿದ್ಳು. ಅಪ್ಪ ಗೋಡೆ ಕಡೆ ತಿರುಗಿ ಮಲಗ್ದ.

ಬೆಳಿಗ್ಗೆ ಮೂರೂ ಜನ ಒಟ್ಟಿಗೇ ಅಂಗಡಿಗೆ ಹೋದ್ರು, ಅತ್ತೆ ಶಟರ್ ಎತ್ತೋಷ್ಟರಲ್ಲಿ ಅಪ್ಪ ಓಣಿ ಸುತ್ತಿ ಮೈನ್ ಎತ್ತಿ ಬಂದ. ಜರಿಗಳು ಬದುಕಿದ್ವು, ಅಪ್ಪ ಅದನ್ನ ನೋಡಲೂ ಇಲ್ಲ. ಅತ್ತೆ ಮೂಗು ಎಳೀತಾ ಕಡುನೀಲಿ ಬಟ್ಟೆಗೆ ಕಾಗದ ಸುತ್ತುತ್ತಿದ್ಳು. ರಿಪೇರಿ ಬಾಟಲಿ ಹಿಡ್ಕೊಂಡು ಹಾಜರಾದ. "ಎಲ್ಲಿ ನಮ್ಮ ಪೈಲ್ವಾನ? ನನ್ನ ಕರಿಯ ಬೆಳಿಗ್ಗೆಯಿಂದ ಕಸರತ್ತು ಮಾಡ್ತಿದಾನೆ."

ಅಪ್ಪ ಬಲೆಯ ಸೌಟು ಎತ್ಕೊಂಡ. ಸೌಟು ಗಾಜಿಗೆ ಟಕಟಕ ಬಡೀತಿತ್ತು, ಅಷ್ಟು ನಡುಕ. ಸಾಹೇಬ ತಿಂಡಿ ಬಂತು ಅಂದ್ಕೊಂಡು ತಾನಾಗೇ ಸೌಟಿನೊಳಗೆ ಬಂದು ನಿಂತ.

"ನಿಲ್ಸಪ್ಪ" ಅಂದ್ಳು ಗುಂಡಿ. "ಮೀನು ಸಾಯಿಸಿದ್ದು ನಾನು."

ಮೂರು ತಲೆ ಅವಳ ಕಡೆ ತಿರುಗಿದ್ವು.

"ಆ ಬಟ್ಟೆ ಬಂದಾಗಿಂದ ನನಗೆ ಭಯ" ಅಂದ್ಳು. ಅಪ್ಪನ ಮುಖ ನೋಡದೆ, ಸೌಟು ಹಿಡಿದ ಕೈ ನೋಡ್ತಾ. "ಮತ್ತೆ ಬೆಂಕಿ ಬೀಳುತ್ತೆ ಅಂತ ಅನ್ನಿಸೋದು. ಎಲ್ಲಾ ಆಫ್ ಆಗಿದೆ ಅಂತ ಗೊತ್ತಿದ್ರೂ ನಂಬಿಕೆ ಬರ್ತಿರ್ಲಿಲ್ಲ. ದಿನಾ ಡೆಲಿವರಿ ಮುಗಿಸಿ ವಾಪಸ್ ಬಂದು ಮೈನ್ ಇಳಿಸ್ತಿದ್ದೆ. ಹೋಗ್ತಿದ್ದೆ, ಮತ್ತೆ ಬಂದು ನೋಡ್ತಿದ್ದೆ. ಬೆಳಿಗ್ಗೆ ನೀನು ಬರೋ ಮುಂಚೆ ಓಡಿ ಬಂದು ಎತ್ತಿಬಿಡ್ತಿದ್ದೆ. ಯಾರಿಗೂ ಹೇಳ್ಲಿಲ್ಲ, ನಾಚಿಕೆ ಆಯ್ತು. ಪಂಪ್ ನಿಂತು, ಅವು ಉಸಿರು ಕಟ್ಟಿ ಸತ್ವು. ಸಾಯ್ಲಿ ಅಂತ ಮಾಡಿದ್ದಲ್ಲ. ನಿನ್ನೆ ಸಂಜೆ ಇಳಿದಿದ್ದ ಮೈನ್‌ನ ಮತ್ತೆ ಎತ್ತಿದ್ದೂ ನಾನು. ಇಳಿಸಿದ ಕೈ ಸರಿಯಾಗೇ ಇಳಿಸಿತ್ತು. ನಾನೇ ಎತ್ತಿದ್ದು."

"ಅಯ್ಯೋ ನಿನ್ನ!" ಅತ್ತೆ ಕಾಗದ ಬಿಸಾಕಿದ್ಳು. "ಅವನು ಪಾಪ ಈಗ ತಾನೇ ಗುಣ ಆಗಿದಾನೆ, ನಿನಗೆ ಹಿಡೀತಾ ಅದೇ ಹುಚ್ಚು? ಆ ಮೂಕ ಪ್ರಾಣಿ ಮೇಲೆ ಹೊರಿಸಿ ಮಜಾ ನೋಡ್ತಿದ್ದೆಯಾ? ನುಂಗಿದ್ದು ಗುಂಡಿ ಅಲ್ಲ ಕಣೇ, ಬುದ್ಧಿ! ನೀನೇನೋ ಸುಮ್ನೆ ನಿಂತಿದೀಯ, ಎರಡು ಬೈಯೋ ಇವಳಿಗೆ!"

ಅಪ್ಪ ಬೈಲಿಲ್ಲ. ಗುಂಡಿ ಕಡೆ ನೋಡ್ದ. ಅವನ ಕಣ್ಣಲ್ಲಿ ಏನೇನೋ ಬಂದು ಹೋಯ್ತು. ಓಣೀಲಿ ಹೋಗಿ ಬಂದು ಹೋಗಿ ಬಂದು ಮಾಡಿದವರು ಯಾರು ಅಂತ ಆ ಅಂಗಡೀಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಈಗ ಅವನು ಬಾಯಿ ಬಿಡ್ಬೋದಿತ್ತು. ಒಂದು ಸಲ ತುಟಿ ಅಲುಗಿತು ಕೂಡ.

"ರಿಪೇರಿ," ಅಂದ, "ಬಾಟಲಿ ತಗೊಂಡು ನಡಿ."

"ಅಲ್ಲ ಮಾಸ್ಟ್ರೇ, ನನ್ನ ಕರಿಯ…"

"ನಡಿಯಯ್ಯಾ."

ಸೌಟು ನಿಧಾನ ಬಗ್ಗಿಸಿ ಸಾಹೇಬನನ್ನ ನೀರಿಗೆ ಬಿಟ್ಟ. ಕಾಗದ ಬಿಚ್ಚಿ ಕಡುನೀಲಿ ಬಟ್ಟೆನ ಟೇಬಲ್ ಮೇಲೆ ಹಾಸ್ದ. ಸೀಮೆಸುಣ್ಣದ ಗೆರೆ ಎಳೆದ. ಕತ್ತರಿ ಎತ್ತಿದ. ಅತ್ತೆ ಬೈಗುಳದ ಮಧ್ಯೆನೇ ನಿಂತುಹೋದ್ಳು. ಕತ್ತರಿಯ ಬಾಯಿ ಬಟ್ಟೆ ಅಂಚಿಗೆ ತಾಗಿ ಒಂದು ಕ್ಷಣ ನಡುಗಿತು. ಆಮೇಲೆ ಕರ್ರ್ ಅಂತ ಹೊರಟಿದ್ದು ಗೆರೆ ಬಿಟ್ಟು ಒಂದು ನೂಲೂ ಆಚೆ ಹೋಗ್ಲಿಲ್ಲ.

ಸಂಜೆ ಅಪ್ಪ ಶಟರ್ ಬೀಗದ ಕೈ ತಂದು ಅವಳ ಮುಂದಿಟ್ಟ. "ಇನ್ಮೇಲೆ ನೀನೇ ಮುಚ್ಚು. ಮೈನ್ ಮುಟ್ಬೇಡ." ಅಷ್ಟೇ ಮಾತು. ಬೀದಿ ತುದಿ ತನಕ ಹೋದ, ನಿಂತ, ತಿರುಗಿ ನೋಡ್ದ. ಗುಂಡಿ ಬಾಗಿಲಲ್ಲಿ ನಿಂತು ಕೈ ಎತ್ತಿದ್ಳು. ವಾಪಸ್ ಬರ್ಲಿಲ್ಲ, ಹೊರಟುಹೋದ.

ಕೋಟು ಮದುಮಗನ ಮೈಗೆ ಎರಕ ಹೊಯ್ದ ಹಾಗೆ ಕೂತಿತ್ತಂತೆ. ಸಾಹೇಬ ಇದಾನೆ, ಹೊಸ ಜರಿಗಳೂ ಬಂದಿವೆ, ಒಂದೇ ತೊಟ್ಟೀಲಿ ತಮ್ಮತಮ್ಮ ಪಾಡಿಗೆ. ಆದ್ರೆ ಬೀದಿಗೆಲ್ಲ ಈಗ ಕೊಲೆಗಾರ್ತಿ ಅಂದ್ರೆ ಗುಂಡಿ. ರಿಪೇರಿ ದಿನಾ ಹಾದು ಹೋಗೋವಾಗ, "ಗುಂಡಕ್ಕ, ನಮ್ಮ ಮೈನ್ ಕಡೆ ಬರ್ಬೇಡಮ್ಮ" ಅಂತಾನೆ. ಅತ್ತೆ ಬಂದ ಗಿರಾಕಿಗಳಿಗೆಲ್ಲ ಕಥೆ ಹೇಳಿ ನಗಿಸ್ತಾಳೆ. ಅಪ್ಪ ಅಲ್ಲೇ ಇರ್ತಾನೆ. ಎಲ್ಲಾ ಕೇಳಿಸ್ಕೊಳ್ತಾನೆ, ತಲೆ ಬಗ್ಗಿಸಿ ಕತ್ತರಿಸ್ತಾ ಇರ್ತಾನೆ. ಇವತ್ತಿನ ತನಕ ಅಲ್ಲ ಅಂತ ಒಂದು ಮಾತು ಅಂದಿಲ್ಲ. ಗುಂಡಿಗೆ ಒಮ್ಮೊಮ್ಮೆ ನಾಲಿಗೆ ತುದಿ ತನಕ ಬರುತ್ತೆ. ಕತ್ತರಿ ಸದ್ದು ಕೇಳುತ್ತೆ, ನುಂಗ್ಕೊಳ್ತಾಳೆ.

ಈಗ ಹೇಳಿ. ಆವತ್ತು ಬೆಳಿಗ್ಗೆ ಸೌಟಲ್ಲಿ ಮೀನು, ಆ ನಡುಗೋ ಕೈ, ಅರ್ಧ ಸುತ್ತಿದ ಬಟ್ಟೆ, ಎಲ್ಲಾ ನಿಮ್ಮ ಮುಂದಿದ್ದಿದ್ರೆ, ಅವಳ ಜಾಗದಲ್ಲಿ ನೀವಿದ್ದಿದ್ರೆ, ಏನಂತ ಹೇಳ್ತಿದ್ರಿ?